ಮೂರನೇ ವಾರದ ಹಾಜರಿ

ಅಡ್ಮಿಷನ್ ಕಾಲದಲ್ಲಿ ಹೊಸಪೇಟೆಯ ಡಿಗ್ರಿ ಕಾಲೇಜುಗಳ ಕಚೇರಿ ಕಿಟಕಿಯ ಮುಂದೆ ನಿಂತರೆ ಸುತ್ತಲಿನ ಎಲ್ಲ ದಿಕ್ಕಿನ ಊರುಗಳ ಮಕ್ಕಳೂ ಕಾಣಸಿಗುತ್ತಾರೆ. ಕಂಪ್ಲಿ ಕಡೆಯ ಭತ್ತದ ಸೀಮೆಯವರು, ಸಂಡೂರಿನ ಗಣಿ ಊರುಗಳವರು, ಹಂಪಿ, ಕಮಲಾಪುರದವರು, ಕೂಡ್ಲಿಗಿ ಕಡೆಯ ಒಣಭೂಮಿಯವರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಾಸ್‌ಪೋರ್ಟ್ ಅಳತೆಯ ಫೋಟೊ. ಇವರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ದಸರಾ ರಜೆ ಕಳೆದ ಮೇಲೆ ಅದೇ ತರಗತಿಗೆ ಹೋಗಿ ನೋಡಿದರೆ ಹಿಂದಿನ ಬೆಂಚುಗಳು ಖಾಲಿ ಬಿದ್ದಿರುತ್ತವೆ. ಹೋದವರು ಜಗಳವಾಡಿ ಹೋದವರಲ್ಲ, ಟಿ.ಸಿ. ಕೇಳಿ ಪಡೆದು ಹೋದವರೂ ಅಲ್ಲ. ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ, ಆಮೇಲೆ ಬರಲೇ ಇಲ್ಲ.

ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿಯಂತೆ ಕರ್ನಾಟಕದ ಒಟ್ಟು ದಾಖಲಾತಿ ಪ್ರಮಾಣ ಶೇ 36.2, ದೇಶದ್ದು ಶೇ 28.4. ಈ ಅಂಕಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ 18ರಿಂದ 23 ವರ್ಷದೊಳಗಿನವರ ಸಂಖ್ಯೆಗೆ ಎಷ್ಟು ಹೆಸರು ಕಾಲೇಜಿನ ದಾಖಲೆಯಲ್ಲಿವೆ ಎಂಬುದಷ್ಟೇ ಅದರಲ್ಲಿರುವ ಲೆಕ್ಕ. ಹೆಸರು ಹಚ್ಚಿದವರಲ್ಲಿ ಪದವಿ ಹಿಡಿದು ಹೊರಬಂದವರು ಎಷ್ಟು ಎಂಬುದು ಆ ಒಂದು ಅಂಕಿಯಿಂದ ತಿಳಿಯದು. ಒಳಗೆ ಬಂದವರನ್ನು ಎಣಿಸುವ ಉತ್ಸಾಹದಲ್ಲಿ ಕಾಲು ಭಾಗ ಕೂಡ ನಡುವೆ ಇಳಿದುಹೋದವರ ಮೇಲೆ ನಮಗಿಲ್ಲ.

ನಮ್ಮ ಸೀಮೆಯ ಮಕ್ಕಳು ಯಾವಾಗ ಇಳಿದುಹೋಗುತ್ತಾರೆ ಎಂದು ತಿಳಿಯಬೇಕಾದರೆ ಕಾಲೇಜಿನ ವೇಳಾಪಟ್ಟಿಯನ್ನು ಇಲ್ಲಿಯ ಬೇಸಾಯದ ಪಕ್ಕದಲ್ಲಿಟ್ಟು ನೋಡಬೇಕು. ಮುಂಗಾರಿನಲ್ಲಿ ತುಂಗಭದ್ರಾ ಡ್ಯಾಮಿಗೆ ನೀರು ಬಂದು ಕಾಲುವೆಗೆ ಬಿಟ್ಟ ಮೇಲೆ ಕಂಪ್ಲಿ ಸೀಮೆಯಲ್ಲಿ ಜುಲೈ, ಆಗಸ್ಟ್ ಎಂದರೆ ಭತ್ತದ ನಾಟಿ. ಪದವಿ ತರಗತಿಗಳು ಕಣ್ಣು ಬಿಡುವುದೂ ಆಗಲೇ. ಊರಿಗೆ ಊರೇ ಕೆಸರಿಗಿಳಿದಿರುವಾಗ ಎಕರೆಗಿಷ್ಟೆಂದು ಗುತ್ತಿಗೆ ಹಿಡಿದ ಹೆಣ್ಣಾಳುಗಳ ಗುಂಪಿನಲ್ಲಿ ಅಮ್ಮನ ಜೊತೆ ಮೊದಲ ಬಿ.ಕಾಂ.ನ ಮಗಳೂ ಇರುತ್ತಾಳೆ. ಅವಳ ಅಡ್ಮಿಷನ್ನಿಗೆ ಮಾಡಿದ ಸಾಲ ತೀರುವುದು ಆ ಕೂಲಿಯಿಂದಲೇ. ನಾಟಿ ಮುಗಿಸಿ ಕಾಲೇಜಿಗೆ ಮರಳಿದರೆ ಅಕೌಂಟೆನ್ಸಿಯಲ್ಲಿ ಒಂದೆರಡು ಅಧ್ಯಾಯ ಮುಗಿದಿವೆ, ಗೆಳತಿಯರ ಗುಂಪುಗಳು ಕಟ್ಟಿಕೊಂಡಿವೆ, ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವಳ ನಂಬರ್ ಇಲ್ಲ. ನದಿಗೆ ಹೆಚ್ಚು ನೀರು ಬಿಟ್ಟ ವರ್ಷ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ದಾರಿ ಬಂದ್ ಆಗುತ್ತದೆ. ನದಿಯಾಚೆಯ ಹುಡುಗರು ಸುತ್ತು ಹೊಡೆದು ಬರಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ನೀರಿನ ಚಿಂತೆಗೆ ಬಿದ್ದಿತ್ತು. ಅಂಥ ದಿನಗಳಲ್ಲಿ ಮಗನ ಕಾಲೇಜು ಫೀಸಿನ ಮಾತು ಮನೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ಸಂಡೂರಿನ ಹುಡುಗರನ್ನು ಎಳೆಯುವುದು ಬೇರೆ. ದೋಣಿಮಲೈಯ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಅವುಗಳ ಸುತ್ತ ಬೆಳೆದ ಗುತ್ತಿಗೆದಾರರು. ಪಿಯುಸಿ ಮುಗಿಸಿದ ಹುಡುಗನಿಗೆ ಏನಾದರೊಂದು ಕೆಲಸ ಸಿಕ್ಕೇ ಸಿಗುತ್ತದೆ. ತಿಂಗಳ ಸಂಬಳ ಕಣ್ಣೆದುರಿಗಿದೆ, ಪದವಿಯ ಫಲ ಮೂರು ವರ್ಷದಾಚೆ. ಗಣಿ ಜೋರಾಗಿದ್ದ ದಿನಗಳಲ್ಲೂ ಹೀಗೇ ಓದು ಬಿಟ್ಟು ಲಾರಿ, ಟಿಪ್ಪರ್ ಹತ್ತಿದವರಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅವರ ಕೈಯಲ್ಲಿ ಲಾರಿ ಸಾಲದ ಕಂತು ಉಳಿದಿತ್ತು, ಪದವಿ ಇರಲಿಲ್ಲ. ಅವರಲ್ಲಿ ಹಲವರು ಇಂದು ಕಾಲೇಜು ವಯಸ್ಸಿನ ಮಕ್ಕಳ ಅಪ್ಪಂದಿರು. ಸ್ವಾಗತ ಸಮಾರಂಭಕ್ಕೆ ದೊಡ್ಡ ಅತಿಥಿಗಳನ್ನು ಹುಡುಕುವ ಬದಲು ಅಂಥ ಒಬ್ಬ ಅಪ್ಪನನ್ನು ಕರೆದು ಹತ್ತು ನಿಮಿಷ ಮಾತಾಡಿಸಿದರೆ ಹುಡುಗರ ಎದೆಗೆ ತಾಕುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹುಡುಗಿಯರ ಮಟ್ಟಿಗೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ದೊಡ್ಡದೊಂದು ಬಾಗಿಲನ್ನೇ ತೆರೆಯಿತು. ಬಸ್ ಚಾರ್ಜಿಗೆ ದುಡ್ಡಿಲ್ಲ ಎಂಬ ಕಾರಣವೇ ಹೋಯಿತು. ಆದರೆ ಚಾರ್ಜು ಇಲ್ಲದಿದ್ದರೆ ಸಾಲದು, ಬಸ್ಸು ನಿಲ್ಲಬೇಕು. ಬೆಳಿಗ್ಗೆ ಕಂಪ್ಲಿಯಿಂದಲೋ ಸಂಡೂರಿನಿಂದಲೋ ತುಂಬಿ ಬರುವ ಬಸ್ಸು ನಡುವಿನ ಸಣ್ಣ ಊರಿನ ಸ್ಟಾಪಿನಲ್ಲಿ ನಿಲ್ಲದೆ ಹೋಯಿತೆಂದರೆ ಮೊದಲ ಪೀರಿಯಡ್ ತಪ್ಪಿತು. ತಡವಾಗಿ ಬಾಗಿಲಲ್ಲಿ ನಿಂತರೆ ಎಲ್ಲರ ಕಣ್ಣೂ ತನ್ನ ಮೇಲೆ. ನಾಲ್ಕು ಸಲ ಹಾಗೆ ನಿಂತ ಹುಡುಗಿ ಐದನೇ ಸಲ ಬಸ್ ಸ್ಟಾಪಿನಿಂದಲೇ ಮನೆಗೆ ತಿರುಗುತ್ತಾಳೆ. ಪ್ರಿನ್ಸಿಪಾಲರು ಡಿಪೊ ಮ್ಯಾನೇಜರಿಗೆ ಯಾವ ಊರಿನಿಂದ ಎಷ್ಟು ಮಕ್ಕಳು ಎಂಬ ಪಟ್ಟಿಯೊಡನೆ ಒಂದು ಪತ್ರ ಬರೆದು, ಹೋಗಿ ಮಾತಾಡಿದರೆ ಬಗೆಹರಿಯಬಹುದಾದ ತಾಪತ್ರಯ ಇದು. ಮೊದಲ ಪೀರಿಯಡ್ಡನ್ನು ಅರ್ಧ ಗಂಟೆ ಮುಂದೆ ಹಾಕುವುದು ಅದಕ್ಕಿಂತ ಸುಲಭ.

ತರಗತಿಯೊಳಗೆ ಬಂದ ಮೇಲೆ ಭಾಷೆಯ ಗೋಡೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ. ಪಾಠಗಳು ಇಂಗ್ಲಿಷಿನಲ್ಲಿ ಸುರಿಯತೊಡಗುತ್ತವೆ. ವಿಷಯ ತಿಳಿಯದೆ ಅಲ್ಲ, ವಿಷಯ ಹೊತ್ತು ಬಂದ ಮಾತು ತಿಳಿಯದೆ ಮಕ್ಕಳು ತಾವು ದಡ್ಡರೆಂದುಕೊಳ್ಳುತ್ತಾರೆ. ಹೊಸಪೇಟೆಯ ಕೂಗಳತೆಯಲ್ಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. 1991ರಲ್ಲಿ ಶುರುವಾದ, ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿದ್ದ, ಕನ್ನಡದಲ್ಲೇ ಉನ್ನತ ಸಂಶೋಧನೆ ಸಾಧ್ಯ ಎಂದು ತೋರಿಸಿದ ಸಂಸ್ಥೆ ಅದು. ಮೊದಲ ಸೆಮಿಸ್ಟರಿನ ವಿಷಯಗಳಿಗೆ ಕನ್ನಡದಲ್ಲಿ ಇಪ್ಪತ್ತು ಪುಟದ ಕೈಪಿಡಿ ಬರೆದುಕೊಡುವ ಕೆಲಸಕ್ಕೆ ಅಲ್ಲಿಯ ಸಂಶೋಧಕರನ್ನೂ ನಮ್ಮ ಡಿಗ್ರಿ ಕಾಲೇಜುಗಳ ಉಪನ್ಯಾಸಕರನ್ನೂ ಒಟ್ಟಿಗೆ ಕೂರಿಸಬಹುದು. ಅದಕ್ಕೆ ತಕ್ಕ ಗೌರವಧನವನ್ನೂ ಕೊಡಬೇಕು. ಅದೇ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಬಾಕಿ ಫೆಲೋಶಿಪ್‌ಗಾಗಿ ಪ್ರತಿಭಟನೆಗೆ ಕೂತದ್ದು ಈ ಭಾಗದ ಓದುಗರಿಗೆ ನೆನಪಿರಬೇಕು. ಪಿಎಚ್.ಡಿ. ತನಕ ಬಂದವರೇ ಸಮಯಕ್ಕೆ ಹಣ ಸಿಗದೆ ಅಲ್ಲಾಡಿಹೋಗುತ್ತಾರೆ ಎಂದರೆ ಹದಿನೆಂಟರ ಹುಡುಗನ ಪಾಡೇನು?

ಹಣ ಇಲ್ಲವೆಂದಲ್ಲ, ಅದು ಬರುವ ದಾರಿ ಕಷ್ಟದ್ದು. ಸೈಬರ್ ಸೆಂಟರಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಹುಡುಗನ ಹಿಂದೆ ಅರ್ಧ ಗಂಟೆ ನಿಂತರೆ ಇದು ತಿಳಿಯುತ್ತದೆ. ಎಸ್‌ಎಸ್‌ಪಿ ಪೋರ್ಟಲ್ ತೆರೆಯುತ್ತದೆ. ಆಧಾರ್ ಹಾಕಿದರೆ ಒಟಿಪಿ ಹೋಗುವುದು ಅಪ್ಪನ ಹಳೆಯ ನಂಬರಿಗೆ, ಆ ಸಿಮ್ ಈಗ ಇಲ್ಲ. ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು. ಜಾತಿ ಪ್ರಮಾಣ ಪತ್ರದ ಆರ್.ಡಿ. ನಂಬರ್ ಇದೆ, ಆದಾಯ ಪತ್ರದ ಅವಧಿ ಮುಗಿದಿದೆ. ಅದಕ್ಕೆ ಊರಿಗೆ ಹೋಗಿ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅಂಕಪಟ್ಟಿಗೆ ಇ-ದೃಢೀಕರಣ ಆಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆಗಿದೆ ಎಂದು ಬ್ಯಾಂಕಿನವರು ಹೇಳುತ್ತಾರೆ, ಆಗಿಲ್ಲ ಎಂದು ಪೋರ್ಟಲ್ ಹೇಳುತ್ತದೆ. ಒಂದೊಂದಕ್ಕೂ ಒಂದೊಂದು ದಿನ ರಜೆ, ಪ್ರತಿ ರಜೆಗೂ ಹಾಜರಿಯಲ್ಲಿ ಒಂದು ಗೈರು. ಹಾಸ್ಟೆಲ್ ಸೀಟಿನ ಪಟ್ಟಿ ತರಗತಿ ಶುರುವಾದ ಎಷ್ಟೋ ದಿನದ ಮೇಲೆ ಬರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ, ವಸತಿಗೆಂದು ತಿಂಗಳಿಗಿಷ್ಟು ಎಂದು ಹಣವಿದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ 10 ಮತ್ತು 12ನೇ ತರಗತಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಇವೆಲ್ಲ ಮಗುವಿನ ಕೈ ಸೇರಬೇಕಾದರೆ ಕಾಲೇಜಿನ ಒಂದು ಕೊಠಡಿಯಲ್ಲಿ ಮೊದಲ ತಿಂಗಳು ಕಂಪ್ಯೂಟರ್ ಇಟ್ಟುಕೊಂಡು, ದಾಖಲೆ ಸರಿ ಮಾಡಿಸಲು ಒಬ್ಬರು ಕೂರಲೇಬೇಕು.

ಅದೇ ಅರ್ಜಿಗಳಲ್ಲಿ ‘ತಂದೆಯ ಹೆಸರು’ ಎಂಬ ಕಲಂ ಇರುತ್ತದೆ. ವಿಜಯನಗರ, ಬಳ್ಳಾರಿ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಗೆ ಬಲಿಯಾದ ತಾಯಂದಿರ ಮಕ್ಕಳು ಕಾಲೇಜಿಗೆ ಬರುತ್ತಿದ್ದಾರೆ. ಸಮರ್ಪಣೆಯನ್ನು ನಿಷೇಧಿಸಿದ ಕಾನೂನು 1982ರದು. ತಂದೆಯ ಹೆಸರು ಹೇಳಲೇಬೇಕೆಂದು ಮಕ್ಕಳನ್ನು ಒತ್ತಾಯಿಸಬಾರದು ಎಂಬ ಮಾತು 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯ ಮೂಲಕ ಬಂತು. ಇಷ್ಟಾದರೂ ತುಂಬಿದ ಕಚೇರಿಯಲ್ಲಿ ಗುಮಾಸ್ತರೊಬ್ಬರು ಗಟ್ಟಿ ದನಿಯಲ್ಲಿ ‘ಅಪ್ಪನ ಹೆಸರು ಬರಿ’ ಎಂದರೆ ಆ ಮಗು ಮತ್ತೆ ಆ ಕಿಟಕಿಯ ಬಳಿ ಸುಳಿಯುವುದಿಲ್ಲ. ಕಚೇರಿಯ ಪ್ರತಿಯೊಬ್ಬರಿಗೂ ಅಡ್ಮಿಷನ್ನಿಗೆ ಮೊದಲೇ ಇದನ್ನು ಕೂರಿಸಿ ಹೇಳಬೇಕು. ಇದರಲ್ಲಿ ರಾಜಿ ಇರಬಾರದು.

ಇಷ್ಟೆಲ್ಲ ಕಾರಣಗಳಿದ್ದರೂ ಅವು ಕಾಣಿಸಿಕೊಳ್ಳುವ ಜಾಗ ಒಂದೇ, ಹಾಜರಿ ಪುಸ್ತಕ. ನಾಟಿಗೆ ಹೋದವಳು, ಬಸ್ಸು ತಪ್ಪಿದವಳು, ಇಂಗ್ಲಿಷಿಗೆ ಹೆದರಿದವನು, ನಾಡಕಚೇರಿಗೆ ಅಲೆದವನು ಎಲ್ಲರೂ ಅಲ್ಲಿ ಗೈರಿನ ಗುರುತಾಗಿ ಬಿದ್ದಿರುತ್ತಾರೆ. ನಾವು ಆ ಪುಸ್ತಕವನ್ನು ಓದುವುದು ಸೆಮಿಸ್ಟರ್ ಮುಗಿಯುವಾಗ. ಶೇ 75 ಇಲ್ಲದವರ ಪಟ್ಟಿ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿ ‘ಅಟೆಂಡೆನ್ಸ್ ಶಾರ್ಟೇಜ್’ ಎನ್ನುತ್ತೇವೆ. ಆ ಹೊತ್ತಿಗೆ ನೋಟಿಸ್ ಬೋರ್ಡು ನೋಡಲು ಆ ಮಕ್ಕಳು ಕಾಲೇಜಿನಲ್ಲೇ ಇರುವುದಿಲ್ಲ. ಅದೇ ಪುಸ್ತಕವನ್ನು ಮೂರನೇ ವಾರದ ಶನಿವಾರ ತೆರೆದು ಕೂರಬೇಕು ಎಂಬುದು ನನ್ನ ಆಗ್ರಹ. ಒಂದೇ ವಾರದಲ್ಲಿ ಮೂರು ದಿನ ಗೈರಾದ ಪ್ರತಿ ಹೆಸರಿಗೂ ಅವತ್ತೇ ಒಂದು ಫೋನ್ ಹೋಗಬೇಕು. ‘ಯಾಕವ್ವಾ, ಮೂರು ದಿನ ಆತು ಬಂದಿಲ್ಲ, ಮೈಯಾಗ ಹುಷಾರ್ ಅದಿಯೇನು?’ ಎಂದು ಶುರುವಾಗುವ ಫೋನ್. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಬೆದರಿಕೆ ಆ ಮಾತಿನಲ್ಲಿ ಬರಲೇಬಾರದು. ಫೋನ್ ಎತ್ತಿದ್ದು ಅಪ್ಪನಾಗಿದ್ದರೆ ಇನ್ನೂ ಜಾಗರೂಕರಾಗಿರಬೇಕು. ದೂರು ಬಂತೆಂದು ಭಾವಿಸಿ ಮಗಳನ್ನು ಬಿಡಿಸಿ ಮದುವೆ ಮಾತಿಗಿಳಿಯುವ ಮನೆಗಳೂ ಇವೆ. ಮಗಳು ಚೆನ್ನಾಗಿ ಓದುತ್ತಾಳೆ, ತರಗತಿಗೆ ಬೇಕಾದವಳು ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದು.

ಹಿಂದೆ ನಮ್ಮಲ್ಲಿ ವಾರಾನ್ನ ಇತ್ತು. ಓದಲು ಊರಿಗೆ ಬಂದ ಬಡ ಹುಡುಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದ. ಅದು ಜಾತಿಯ ಬೇಲಿಯೊಳಗಿನ ಏರ್ಪಾಡು, ಬೇಲಿಯಾಚೆಯ ಮಕ್ಕಳಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಅದನ್ನು ಮತ್ತೆ ತರಬೇಕೆಂದು ಯಾರೂ ಹೇಳಲಾರರು. ಆದರೆ ಅದರಲ್ಲಿದ್ದ ಒಂದು ಗುಣ ಮಾತ್ರ ಯೋಚಿಸುವಂಥದು. ಮಂಗಳವಾರದ ಹುಡುಗ ಊಟಕ್ಕೆ ಬರದಿದ್ದರೆ ಮಂಗಳವಾರದ ಮನೆಯವರಿಗೆ ಅದು ಅವತ್ತೇ ಗೊತ್ತಾಗುತ್ತಿತ್ತು, ಅವರು ವಿಚಾರಿಸುತ್ತಿದ್ದರು. ಇಂದಿನ ಹಾಸ್ಟೆಲ್ ಎಲ್ಲ ಜಾತಿಯ ಮಕ್ಕಳಿಗೂ ಅನ್ನ ಹಾಕುತ್ತದೆ. ರಾತ್ರಿ ಊಟಕ್ಕೆ ಒಂದು ತಟ್ಟೆ ಕಡಿಮೆಯಾದರೆ ಅಡುಗೆಯವರ ಗಮನಕ್ಕೆ ಬಂದೇ ಬರುತ್ತದೆ. ಆ ಸುದ್ದಿ ವಾರ್ಡನ್ ದಾಟಿ ಕಾಲೇಜಿಗೆ ಮುಟ್ಟುವ ದಾರಿ ಮಾತ್ರ ಎಲ್ಲೂ ಇಲ್ಲ.

ಸರ್ಕಾರದ ಕಡತಗಳಲ್ಲಿ ಈ ಅರಿವು ಇಲ್ಲವೆಂದಲ್ಲ. ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಮಾರ್ಗಸೂಚಿ ಹೊರಡಿಸಿತು. ಸಣ್ಣ ಗುಂಪುಗಳು, ಪ್ರತಿ ಗುಂಪಿಗೆ ಒಬ್ಬ ಮಾರ್ಗದರ್ಶಕ ಅಧ್ಯಾಪಕ, ಊರು ಪರಿಚಯ ಎಲ್ಲ ಅದರಲ್ಲಿವೆ. ಬಹಳ ಕಡೆ ಅದು ಒಂದು ದಿನದ ಶಾಲು, ಹಾರ, ಭಾಷಣಗಳಲ್ಲಿ ಮುಗಿಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1975ರಲ್ಲೇ ಹೇಳಿದ್ದು, ಮಕ್ಕಳು ಕಾಲೇಜು ಬಿಡುವುದು ಬುದ್ಧಿ ಸಾಲದೆ ಮಾತ್ರವಲ್ಲ, ಪಾಠದೊಂದಿಗೂ ಜನರೊಂದಿಗೂ ನಂಟು ಬೆಳೆಯದೆ ಎಂದು. ಅಲ್ಲಿಯೇ 22 ಸಂಸ್ಥೆಗಳ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಹೊಸ ವಿದ್ಯಾರ್ಥಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಎಲ್ಲರಿಗೂ ಹೀಗೇ ಅನ್ನಿಸುತ್ತದೆ, ಬರಬರುತ್ತ ಸರಿಹೋಗುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಹೊಸಬರಿಗೆ ಓದಿಸಿದರು. ಮೊದಲ ವರ್ಷ ಪೂರೈಸುವವರು ಅದರಿಂದ ಹೆಚ್ಚಾದರು. ಆದರೆ ನಿಜವಾಗಿ ಬೆರೆಯಲು ಕಾಲೇಜು ಅವಕಾಶ ಮಾಡಿಕೊಟ್ಟ ಕಡೆ ಮಾತ್ರ. ಅವಕಾಶವಿಲ್ಲದ ಕಡೆ ಒಳ್ಳೆಯ ಮಾತು ಕೆಲಸ ಮಾಡಲಿಲ್ಲ.

ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ ತನ್ನ ಸಮುದಾಯ ಕಾಲೇಜುಗಳಲ್ಲಿ 2007ರಿಂದ ನಡೆಸುತ್ತಿರುವ ಕಾರ್ಯಕ್ರಮ ನಮಗೆ ಇನ್ನೂ ಹತ್ತಿರದ್ದು. ಬಡ ಮಕ್ಕಳಿಗೆ ಪಠ್ಯಪುಸ್ತಕದ ಖರ್ಚು, ಊರೊಳಗೆ ಓಡಾಡಲು ಉಚಿತ ಪ್ರಯಾಣದ ಕಾರ್ಡು, ಆಗಾಗ ತಪ್ಪದೆ ಭೇಟಿಯಾಗುವ ಒಬ್ಬ ಸಲಹೆಗಾರ. ಚೀಟಿ ಎತ್ತಿದ ಹಾಗೆ ವಿದ್ಯಾರ್ಥಿಗಳನ್ನು ಎರಡು ಪಾಲು ಮಾಡಿ ಹೋಲಿಸಿ ನೋಡಿದ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಈ ನೆರವು ಸಿಕ್ಕವರಲ್ಲಿ ಮೂರು ವರ್ಷದೊಳಗೆ ಪದವಿ ಪಡೆದವರು ಶೇ 40, ಸಿಗದವರಲ್ಲಿ ಶೇ 22. ಪ್ರಯಾಣದ ಕಾರ್ಡು ಅರ್ಧ ರಾಜ್ಯಕ್ಕೆ, ಅಂದರೆ ಹೆಣ್ಣುಮಕ್ಕಳಿಗೆ, ನಮ್ಮಲ್ಲಿ ಆಗಲೇ ಸಿಕ್ಕಿದೆ. ತಪ್ಪದೆ ಭೇಟಿಯಾಗುವ ಸಲಹೆಗಾರ ಇನ್ನೂ ಸಿಕ್ಕಿಲ್ಲ.

ಮಾರ್ಗದರ್ಶಕರ ಗುಂಪುಗಳನ್ನು ನಮ್ಮ ಕಾಲೇಜುಗಳು ರೋಲ್ ನಂಬರಿನ ಪ್ರಕಾರ ಹಂಚುತ್ತವೆ. ಒಂದರಿಂದ ಇಪ್ಪತ್ತು ಒಬ್ಬರಿಗೆ, ಇಪ್ಪತ್ತೊಂದರಿಂದ ನಲವತ್ತು ಮತ್ತೊಬ್ಬರಿಗೆ. ಬಸ್ ರೂಟಿನ ಪ್ರಕಾರ ಹಂಚಿ ನೋಡಬೇಕು. ಕಂಪ್ಲಿ ರೂಟಿನವರೆಲ್ಲ ಒಂದು ಗುಂಪು, ಸಂಡೂರು ರೂಟಿನವರದು ಇನ್ನೊಂದು, ಕಮಲಾಪುರದವರದು ಮತ್ತೊಂದು. ಪ್ರತಿ ಗುಂಪಿಗೂ ಅದೇ ಬಸ್ಸಿನಲ್ಲಿ ಬರುವ ಎರಡನೇ, ಮೂರನೇ ವರ್ಷದ ಅಕ್ಕ, ಅಣ್ಣ ಇಬ್ಬರು. ಬಸ್ಸಿನಲ್ಲಿ ಇವತ್ತು ಯಾರು ಕಾಣಲಿಲ್ಲ ಎಂಬುದು ಹಾಜರಿ ಕೂಗುವ ಮೊದಲೇ ಅವರಿಗೆ ಗೊತ್ತಿರುತ್ತದೆ, ಯಾಕೆ ಎಂಬುದೂ ಗೊತ್ತಿರುತ್ತದೆ. ನೋಟ್ಸ್ ಕೈ ಬದಲಾಗುವುದು, ಜಗಳ, ಗೆಳೆತನ ಎಲ್ಲ ಆ ಒಂದು ಗಂಟೆಯ ದಾರಿಯಲ್ಲೇ ಆಗುವುದರಿಂದ ಅದಕ್ಕೆ ಹೊಸ ಪೀರಿಯಡ್ ಬೇಕಿಲ್ಲ.

ಎರಡನೇ ವಾರದಲ್ಲಿ ಒಂದು ದಿನ ಎಲ್ಲರನ್ನೂ ಹಂಪಿಗೆ ಕರೆದೊಯ್ಯಬೇಕು. ಮುಂದೆ ನಡೆಯಬೇಕಾದವರು ಇತಿಹಾಸದ ಮೇಷ್ಟ್ರಲ್ಲ, ಹಂಪಿ, ಕಮಲಾಪುರದಿಂದ ಬರುವ ಹೊಸ ವಿದ್ಯಾರ್ಥಿಗಳೇ. ಗೈಡುಗಳ, ಆಟೊದವರ, ಬಾಳೆತೋಟದವರ ಮಕ್ಕಳು ಅವರು. ಇಂಗ್ಲಿಷ್ ಪೀರಿಯಡ್‌ನಲ್ಲಿ ತಲೆ ತಗ್ಗಿಸುವ ಹುಡುಗ ವಿರೂಪಾಕ್ಷ ಗುಡಿಯ ಒಳಗೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ತೋರಿಸಿ, ಸಣ್ಣ ಕಿಂಡಿಯಿಂದ ಬರುವ ಬೆಳಕು ಹಾಗೇಕೆ ಮಾಡುತ್ತದೆ ಎಂದು ವಿವರಿಸಿದರೆ ಬಿ.ಎಸ್ಸಿ.ಯವರಿಗೆ ಅದು ಮೊದಲ ಭೌತಶಾಸ್ತ್ರದ ಪಾಠವೂ ಆಗುತ್ತದೆ. ಮರುದಿನ ಆ ಹುಡುಗನ ಹೆಸರು ಇಡೀ ತರಗತಿಗೆ ಗೊತ್ತಿರುತ್ತದೆ.

ಇಷ್ಟಾಗಿ ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ಇನ್ನೊಂದು ಗಂಡಾಂತರ. ಎರಡು ವಿಷಯ ಬ್ಯಾಕ್ ಉಳಿದರೆ ತಾನು ಫೇಲಾದೆ, ವರ್ಷ ಹೋಯಿತು ಎಂದೇ ಎಷ್ಟೋ ಮಕ್ಕಳು ತಿಳಿಯುತ್ತಾರೆ. ಪಿಯುಸಿ ತನಕ ಅವರು ಕಂಡದ್ದು ಆ ಪದ್ಧತಿಯನ್ನೇ. ಸೆಮಿಸ್ಟರ್ ಪದ್ಧತಿಯಲ್ಲಿ ಉಳಿದ ವಿಷಯಗಳನ್ನು ಮುಂದೆ ಕಟ್ಟಿ ಬರೆಯಬಹುದು, ತರಗತಿಗೆ ಬರುತ್ತಲೇ ಇರಬಹುದು ಎಂದು ಮನೆಯಲ್ಲಿ ಹೇಳುವವರಿಲ್ಲ. ಫಲಿತಾಂಶದ ದಿನವೇ ಬಸ್ಸಿನ ಅಕ್ಕ, ಅಣ್ಣಂದಿರ ಬಾಯಲ್ಲಿ, ತಮ್ಮ ಬ್ಯಾಕ್‌ಗಳ ಲೆಕ್ಕದೊಡನೆ, ಈ ಮಾತು ಬರಬೇಕು. ಪರೀಕ್ಷಾ ಶುಲ್ಕಕ್ಕೆ ಐನೂರು, ಸಾವಿರ ಕಡಿಮೆಬಿದ್ದು ನಿಂತುಹೋಗುವವರಿಗೆ ಹಳೆಯ ವಿದ್ಯಾರ್ಥಿಗಳ ಸಂಘ ಸಣ್ಣದೊಂದು ನಿಧಿ ಇಟ್ಟುಕೊಂಡರೆ ಸಾಕು. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ ಇಂಥ ಸಣ್ಣ ಮೊತ್ತ ಕೊಟ್ಟೇ ಸಾವಿರಾರು ಮಕ್ಕಳನ್ನು ಉಳಿಸಿಕೊಂಡಿದೆ.

ಕೊನೆಗೆ, ಈ ಫೋನ್‌ಗಳನ್ನು ಮಾಡುವವರು ಯಾರು? ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. ಮಕ್ಕಳ ಕಷ್ಟ ಅವರಿಗೇ ಹೆಚ್ಚು ಗೊತ್ತು, ಅವರಲ್ಲಿ ಅನೇಕರು ಇವೇ ಬಸ್ಸುಗಳಲ್ಲಿ ಓದಿ ಬಂದವರು. ಅವರ ನೇಮಕ ವರ್ಷವರ್ಷವೂ ತಡವಾಗುತ್ತದೆ, ಅಂದರೆ ಮಕ್ಕಳಿಗೆ ಮೇಷ್ಟ್ರು ಅತಿ ಹೆಚ್ಚು ಬೇಕಾದ ವಾರಗಳಲ್ಲೇ ಮೇಷ್ಟ್ರಿರುವುದಿಲ್ಲ. ಕಾಲೇಜು ಶಿಕ್ಷಣ ಇಲಾಖೆ ಈ ನೇಮಕವನ್ನು ತರಗತಿ ಶುರುವಾಗುವ ಮೊದಲೇ ಮುಗಿಸಬೇಕು. ವಾರಕ್ಕೆ ಎರಡು ಗಂಟೆಯ ವಿದ್ಯಾರ್ಥಿ ಭೇಟಿ, ಫೋನ್ ಕೆಲಸವನ್ನು ಕಾರ್ಯಭಾರದಲ್ಲಿ ಸೇರಿಸಿ ಅದಕ್ಕೂ ಸಂಬಳ ಲೆಕ್ಕ ಹಾಕಬೇಕು. ವಿಜಯನಗರ, ಬಳ್ಳಾರಿ ಎರಡೂ ಜಿಲ್ಲೆಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಉನ್ನತ ಶಿಕ್ಷಣ ಸಚಿವರನ್ನು ಎರಡು ಪ್ರಶ್ನೆ ಕೇಳಲಿ: ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಮೂರು ವರ್ಷದ ಹಿಂದೆ ಹೆಸರು ಹಚ್ಚಿದವರಲ್ಲಿ ಪದವಿ ಮುಗಿಸಿದವರು ಕಾಲೇಜುವಾರು ಎಷ್ಟು, ಮತ್ತು ಈ ವರ್ಷ ಅತಿಥಿ ಉಪನ್ಯಾಸಕರ ಆದೇಶ ಕೈಗೆ ಸಿಕ್ಕಿದ್ದು ಯಾವ ತಾರೀಖಿಗೆ.